ಹೊಲದ ಗಾಡಿ ಹೆದ್ದಾರಿಗೆ ಬಂದರೆ

ಮೊಸಳೆಯ ಬಲವೆಲ್ಲ ನೀರಿನಲ್ಲಿ ಎಂಬುದು ನಮ್ಮ ಜನರು ಬಹುಕಾಲದಿಂದ ಬಲ್ಲ ಮಾತು. ಇದಕ್ಕೆ ಸ್ಥಾನಬಲವೆಂದು ಹೆಸರು. ಸ್ಥಾನಬಲವು ಪ್ರಾಣಿಗಳಿಗೆ ಮಾತ್ರ ಸಲ್ಲತಕ್ಕದ್ದೆಂದು ತಿಳಿಯಬೇಕಾಗಿಲ್ಲ. ಯಂತ್ರಗಳಿಗೂ ಅದು ಉಂಟು. ಕೆಸರುಗದ್ದೆಯಲ್ಲಿ ಉಳುವ ಟ್ರ್ಯಾಕ್ಟರು, ಮರಳುದಿಣ್ಣೆಯನ್ನೇರುವ ನಾಲ್ಕು ಗಾಲಿಯ ಬೈಕು, ಗಣಿಯಲ್ಲಿ ಅದಿರನ್ನು ಹೊರುವ ಡಂಪರು, ಇವೆಲ್ಲವೂ ತಮ್ಮ ತಮ್ಮ ನೆಲೆಯಲ್ಲಿ ಅತಿ ಸಮರ್ಥವಾದ ವಾಹನಗಳು. ಆದರೆ ಅವೇ ವಾಹನಗಳು ಡಾಮರು ರಸ್ತೆಗೆ ಬಂದಾಗ ಅವುಗಳ ಗುಣಗಳೇ ದೋಷಗಳಾಗಿ ಪರಿಣಮಿಸುತ್ತವೆ.

ಆದುದರಿಂದಲೇ ಅನೇಕ ದೇಶಗಳ ಕಾನೂನುಗಳು ಇಂತಹ ವಾಹನಗಳನ್ನು ಸಾರ್ವಜನಿಕ ರಸ್ತೆಗೆ ಬಿಡುವ ಮುನ್ನ ಹಲವು ಕಟ್ಟುಪಾಡುಗಳನ್ನು ವಿಧಿಸುತ್ತವೆ. ಹಣ ಕೊಟ್ಟು ಕೊಂಡ ಗಾಡಿಯನ್ನು ಊರ ಮುಂದಿನ ರಸ್ತೆಯಲ್ಲಿ ಓಡಿಸಲು ಸರಕಾರದ ಅಡ್ಡಿಯೇಕೆ ಎಂದು ಕೇಳುವವರುಂಟು. ಆ ಪ್ರಶ್ನೆ ಅನ್ಯಾಯವಾದುದಲ್ಲ. ಅದಕ್ಕೆ ಉತ್ತರವನ್ನು ಕಾನೂನಿನ ಪುಸ್ತಕಕ್ಕಿಂತ ಮೊದಲು ಭೌತಶಾಸ್ತ್ರದ ಪುಸ್ತಕದಲ್ಲಿ ಹುಡುಕುವುದು ಲೇಸೆಂದು ನಮ್ಮ ಅಭಿಪ್ರಾಯ. ಪ್ರೌಢಶಾಲೆಯಲ್ಲಿ ಕಲಿಯುವ ಬಲ, ಘರ್ಷಣೆ ಮತ್ತು ಚಲನೆಯ ಪಾಠಗಳಿಗಿಂತ ಹೆಚ್ಚಿನ ತಿಳಿವಳಿಕೆ ಇದಕ್ಕೆ ಬೇಕಾಗಿಲ್ಲ.

ಬಲೂನಿನಂತಹ ಗಾಲಿಗಳು

1970ರಲ್ಲಿ ಜಪಾನಿನ ಹೋಂಡಾ ಸಂಸ್ಥೆಯು ಅಮೆರಿಕದ ಪೇಟೆಗೆ ಮೂರು ಗಾಲಿಯ ಒಂದು ವಿಚಿತ್ರ ವಾಹನವನ್ನು ತಂದಿತು. ಹಿಮ ಬೀಳುವ ಚಳಿಗಾಲದಲ್ಲಿ ಮೋಟಾರು ಸೈಕಲ್ಲುಗಳನ್ನು ಕೊಳ್ಳುವವರಿರಲಿಲ್ಲ. ಆ ಕಾಲದಲ್ಲಿಯೂ ಮಾರಬಹುದಾದ ಗಾಡಿಯೊಂದು ವ್ಯಾಪಾರಿಗಳಿಗೆ ಬೇಕಾಗಿತ್ತು. ಹೊಸ ವಾಹನದ ಎಂಜಿನ್ನು ಚಿಕ್ಕದು, ಸುಮಾರು 7 ಅಶ್ವಶಕ್ತಿಯದು. ಅದರ ವೈಶಿಷ್ಟ್ಯವೆಲ್ಲ ಗಾಲಿಗಳಲ್ಲಿತ್ತು. ಅವು ಬಲೂನುಗಳಂತೆ ದಪ್ಪವಾಗಿ, ಅತ್ಯಲ್ಪ ಒತ್ತಡದ ಗಾಳಿಯಿಂದ ತುಂಬಿದ್ದವು. ಹಿಮ, ಮರಳು, ಜೌಗು ಯಾವುದರಲ್ಲಿಯೂ ಅವು ಹೂತುಹೋಗುತ್ತಿರಲಿಲ್ಲ. 1980ರ ದಶಕದಲ್ಲಿ ನಾಲ್ಕು ಗಾಲಿಯ ಬೈಕುಗಳು ಬಂದವು. ಅನಂತರ ಇಬ್ಬರು ಪಕ್ಕಪಕ್ಕದಲ್ಲಿ ಕುಳಿತು, ಕಾರಿನಂತೆಯೇ ಚುಕ್ಕಾಣಿ ಹಿಡಿದು, ಹಿಂದೆ ಸಾಮಾನು ಹೇರಿಕೊಂಡು ಹೋಗಬಹುದಾದ ಗಾಡಿಗಳೂ ಬಂದವು. ಇಂದು ರೈತರು, ಅರಣ್ಯ ರಕ್ಷಕರು, ಗುಡ್ಡಗಾಡುಗಳಲ್ಲಿ ಪ್ರಾಣ ರಕ್ಷಿಸುವ ತಂಡಗಳು ಇವುಗಳನ್ನು ಬಳಸುತ್ತಾರೆ. ನಮ್ಮ ಸೇನೆಯೂ ಲಡಾಖಿನ ದುರ್ಗಮ ಪ್ರದೇಶಗಳಲ್ಲಿ ಇವುಗಳ ಪ್ರಯೋಜನ ಪಡೆದಿದೆ.

ಗಾಲಿ ಹೂತುಹೋಗದಿರುವ ಗುಟ್ಟೇನು? ಗಾಡಿ ಮತ್ತು ಸವಾರನ ಒಟ್ಟು ತೂಕ 350 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಟೈರಿನ ಬಿಗಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ನೆಲಕ್ಕೆ ತಾಗುವ ಒಟ್ಟು ವಿಸ್ತೀರ್ಣವು ತೂಕವನ್ನು ಗಾಳಿಯ ಒತ್ತಡದಿಂದ ಭಾಗಿಸಿದಷ್ಟು. ಕಾರಿನ ಟೈರಿನಲ್ಲಿ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋಗ್ರಾಂ, ಈ ಗಾಡಿಗಳಲ್ಲಿ ಸುಮಾರು 0.35 ಕಿಲೋಗ್ರಾಂ. ಆದುದರಿಂದ ಅದೇ ತೂಕವನ್ನು ಕಾರಿನ ಟೈರುಗಳು 167 ಚದರ ಸೆಂಟಿಮೀಟರಿನ ಮೇಲೆ ಹೊತ್ತರೆ, ಇವು 1,000 ಚದರ ಸೆಂಟಿಮೀಟರಿನ ಮೇಲೆ ಹೊರುತ್ತವೆ. ಕೆಸರಿನ ಮೇಲೆ ಹಲಗೆ ಹಾಸಿ ನಡೆಯುವವನ ಉಪಾಯವೇ ಇದು.

ಕಲ್ಲು ಗುಂಡುಗಳಿಗೆ ತಳ ತಾಗದಂತೆ ಈ ಗಾಡಿಯ ಮೈಯನ್ನು ಎತ್ತರದಲ್ಲಿ ಕೂಡಿಸಿರುತ್ತಾರೆ. ಮರಗಳ ನಡುವಣ ಕಾಲುದಾರಿಯಲ್ಲಿ ನುಸುಳುವಂತೆ ಅಗಲವನ್ನು ಕಿರಿದಾಗಿಸಿರುತ್ತಾರೆ. ಕಾಡಿನಲ್ಲಿ ಇವು ಮೂರೂ ಸದ್ಗುಣಗಳು. ಮೃದುವಾದ ಟೈರು, ಎತ್ತರದ ಮೈ, ಕಿರಿದಾದ ಅಗಲ: ಈ ಮೂರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಜಾರುವುದೋ, ಮಗುಚುವುದೋ?

ಹುಲ್ಲನ್ನು ಎತ್ತರವಾಗಿ ಹೇರಿದ ಗಾಡಿ ಓರೆದಾರಿಯಲ್ಲಿ ಸುಲಭವಾಗಿ ಮಗುಚುತ್ತದೆಂಬುದು ಹಳ್ಳಿಯವರೆಲ್ಲ ಕಂಡಿರುವ ವಿಷಯ. ಹೇರು ಎತ್ತರವಾದಷ್ಟೂ ಗುರುತ್ವಕೇಂದ್ರ ಮೇಲಕ್ಕೇರುತ್ತದೆ. ಸಮನೆಲದ ತಿರುವಿನಲ್ಲಿಯೂ ಇಂತಹುದೇ ಸಂಗತಿ ನಡೆಯುತ್ತದೆ. ಗಾಡಿಯಲ್ಲಿ ಕುಳಿತವನ ದೃಷ್ಟಿಯಿಂದ ನೋಡಿದರೆ, ಕೇಂದ್ರಾಪಗಾಮಿ ಬಲವು ಗುರುತ್ವಕೇಂದ್ರದ ಮೇಲೆ ವರ್ತಿಸಿ ಗಾಡಿಯನ್ನು ಹೊರಕ್ಕೆ ಕೆಡವಲು ಯತ್ನಿಸುತ್ತದೆ. ಗಾಡಿಯ ತೂಕವು ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಹೊರಗಿನ ಗಾಲಿಗಳು ನೆಲವನ್ನು ಮುಟ್ಟುವ ಗೆರೆಯನ್ನು ಆಧಾರವಾಗಿಟ್ಟುಕೊಂಡು ಈ ಎರಡರ ಭ್ರಾಮಕಗಳನ್ನು ಸರಿತೂಗಿಸಿದರೆ ಒಂದು ಸರಳವಾದ ಸಂಖ್ಯೆ ದೊರೆಯುತ್ತದೆ. ಎಡಬಲದ ಗಾಲಿಗಳ ನಡುವಣ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಬೇಕು. ಇದನ್ನು ಸ್ಥಿರತೆಯ ಅಂಕವೆಂದು ಕರೆಯೋಣ. ತಿರುವಿನ ವೇಗೋತ್ಕರ್ಷವು ಗುರುತ್ವದ ವೇಗೋತ್ಕರ್ಷದ ಇಷ್ಟು ಪಾಲನ್ನು ಮೀರಿದರೆ ಗಾಡಿ ಮಗುಚುತ್ತದೆ. ಗಾಡಿಯ ತೂಕ ಎಷ್ಟೇ ಇರಲಿ, ಲೆಕ್ಕದಲ್ಲಿ ಅದು ಕಳೆದುಹೋಗುತ್ತದೆಂಬುದು ಗಮನಾರ್ಹ.

ಕಾರೊಂದರ ಗಾಲಿಗಳ ಅಂತರ 150 ಸೆಂ.ಮೀ., ಗುರುತ್ವಕೇಂದ್ರದ ಎತ್ತರ 54 ಸೆಂ.ಮೀ. ಎಂದರೆ ಅಂಕವು ಸುಮಾರು 1.4. ನಾಲ್ಕು ಗಾಲಿಯ ಬೈಕಿನಲ್ಲಿ ಅಂತರ 90 ಸೆಂ.ಮೀ., ಸವಾರನೂ ಸೇರಿ ಗುರುತ್ವಕೇಂದ್ರದ ಎತ್ತರ 75 ಸೆಂ.ಮೀ. ಎಂದರೆ ಅಂಕವು 0.6 ಮಾತ್ರ.

ಇನ್ನು ಘರ್ಷಣೆಯ ಮಾತು. ತಿರುಗಲು ಬೇಕಾದ ಬಲವನ್ನು ಗಾಡಿಗೆ ಕೊಡುವುದು ನೆಲ. ಒಣಗಿದ ಡಾಮರಿನ ಮೇಲೆ ಘರ್ಷಣಾಂಕವು 0.8ರ ಸುತ್ತಮುತ್ತ ಇರುತ್ತದೆ. ಸಡಿಲವಾದ ಮಣ್ಣಿನ ಮೇಲೆ ಅದು 0.4ರಷ್ಟಿದೆಯೆಂದು ಹಿಡಿಯೋಣ. ಈಗ 20 ಮೀಟರು ತ್ರಿಜ್ಯದ ತಿರುವನ್ನು ವಿಚಾರಿಸೋಣ. ಮಣ್ಣಿನ ಮೇಲೆ ನಮ್ಮ ಬೈಕು ಗಂಟೆಗೆ 32 ಕಿ.ಮೀ. ವೇಗ ಮುಟ್ಟುತ್ತಲೇ ಪಕ್ಕಕ್ಕೆ ಜಾರತೊಡಗುತ್ತದೆ. ಸವಾರ ಹೆದರಿ ವೇಗ ತಗ್ಗಿಸುತ್ತಾನೆ. ಗಾಡಿ ನಿಂತೇ ಇರುತ್ತದೆ. ಡಾಮರಿನ ಮೇಲಾದರೋ ಅದು ಜಾರುವುದಿಲ್ಲ, ನೆಲವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಆದರೆ ವೇಗವು ಗಂಟೆಗೆ 39 ಕಿ.ಮೀ. ಮುಟ್ಟಿತೆಂದರೆ ಒಳಗಿನ ಗಾಲಿಗಳು ಮೇಲೇಳುತ್ತವೆ. ಅದೇ ತಿರುವಿನಲ್ಲಿ ಕಾರು ಗಂಟೆಗೆ 45 ಕಿ.ಮೀ. ವೇಗದಲ್ಲಿ ಜಾರತೊಡಗುತ್ತದೆಯೇ ಹೊರತು ಮಗುಚುವುದಿಲ್ಲ. ಏಕೆಂದರೆ ಅದರ ಸ್ಥಿರತೆಯ ಅಂಕವು ಘರ್ಷಣಾಂಕಕ್ಕಿಂತ ದೊಡ್ಡದು.

ಇಡೀ ವಿಷಯದ ತಿರುಳು ಇಲ್ಲಿದೆ. ಸ್ಥಿರತೆಯ ಅಂಕವು ಘರ್ಷಣಾಂಕಕ್ಕಿಂತ ದೊಡ್ಡದಾದರೆ ಗಾಡಿ ಮೊದಲು ಜಾರುತ್ತದೆ. ಚಿಕ್ಕದಾದರೆ ಮೊದಲು ಮಗುಚುತ್ತದೆ. ಕಾಡಿನಲ್ಲಿ ಸವಾರನನ್ನು ಕಾಪಾಡುತ್ತಿದ್ದುದು ಮಣ್ಣಿನ ಸಡಿಲತನ. ನುಣ್ಣನೆಯ ರಸ್ತೆ ಹೆಚ್ಚು ಸುರಕ್ಷಿತವೆಂದು ನಮ್ಮ ಕಣ್ಣಿಗೆ ತೋರುತ್ತದೆ. ಆದರೆ ಈ ಗಾಡಿಗೆ ಅದು ಆ ರಕ್ಷಣೆಯನ್ನು ಕಿತ್ತುಕೊಂಡ ನೆಲ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಬೆಂಕಿಪೆಟ್ಟಿಗೆಯೊಂದನ್ನು ಅದರ ಮದ್ದು ಹಚ್ಚಿದ ಉದ್ದನೆಯ ಪಕ್ಕದ ಮೇಲೆ, ಎತ್ತರವಾಗಿ ನಿಲ್ಲಿಸಿರಿ. ತಳದಲ್ಲಿ ಒಂದು ಹಲಗೆಯಿರಲಿ. ಪೆಟ್ಟಿಗೆಯ ಉದ್ದ ಇಳಿಜಾರಿಗೆ ಅಡ್ಡವಾಗಿರಲಿ. ಹಲಗೆಗೆ ಮರಳುಕಾಗದವನ್ನು ಅಂಟಿಸಿ ಒಂದು ಕಡೆಯಿಂದ ಮೆಲ್ಲನೆ ಎತ್ತಿದರೆ ಪೆಟ್ಟಿಗೆ ಉರುಳಿ ಬೀಳುತ್ತದೆ. ಮರಳುಕಾಗದದ ಬದಲು ನಯವಾದ ಸ್ಟೀಲು ತಟ್ಟೆಯನ್ನಿಟ್ಟು, ಅದರ ಮೇಲೆ ತುಸು ಮುಖದ ಪೌಡರು ಉದುರಿಸಿ ಎತ್ತಿರಿ. ಪೆಟ್ಟಿಗೆ ನಿಂತಂತೆಯೇ ಜಾರಿ ಕೆಳಗಿಳಿಯುತ್ತದೆ. ಪೆಟ್ಟಿಗೆ ಒಂದೇ, ಬದಲಾದುದು ನೆಲ ಮಾತ್ರ.

ಅಚ್ಚಿನ ಕಥೆ

ನಮ್ಮ ಎತ್ತಿನ ಗಾಡಿಯ ಅಚ್ಚು ತಿರುಗುವುದಿಲ್ಲ. ಗಾಲಿಗಳೆರಡೂ ಅದರ ತುದಿಗಳಲ್ಲಿ, ಕಡಾಣಿಯ ಕಾವಲಿನಲ್ಲಿ, ಬೇರೆ ಬೇರೆಯಾಗಿ ತಿರುಗುತ್ತವೆ. ಆದುದರಿಂದ ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ಸುತ್ತು, ಒಳಗಿನದು ಕಡಮೆ ಸುತ್ತು ತಿರುಗಲು ಅಡ್ಡಿಯಿಲ್ಲ. ಕಾರಿನಲ್ಲಿ ಎಂಜಿನ್ನೇ ಗಾಲಿಗಳನ್ನು ತಿರುಗಿಸಬೇಕಾದುದರಿಂದ, ಎರಡಕ್ಕೂ ಬೇರೆ ಬೇರೆ ವೇಗ ಒದಗಿಸಲು ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಏರ್ಪಾಡನ್ನು ಮಾಡಿರುತ್ತಾರೆ. ಆದರೆ ಕೆಸರಿನಲ್ಲಿ ಈ ಏರ್ಪಾಡು ಕೈಕೊಡುತ್ತದೆ: ಒಂದು ಗಾಲಿ ಜಾರಿ ಗಿರಗಿರನೆ ತಿರುಗಿದರೆ ಇನ್ನೊಂದು ಸುಮ್ಮನೆ ನಿಂತುಬಿಡುತ್ತದೆ. ಇದನ್ನು ತಪ್ಪಿಸಲು ನಾಲ್ಕು ಗಾಲಿಯ ಬೈಕುಗಳಲ್ಲಿ ಅನೇಕವುಗಳ ಹಿಂದಿನ ಗಾಲಿಗಳನ್ನು ಒಂದೇ ಅಚ್ಚಿಗೆ ಬಿಗಿದಿರುತ್ತಾರೆ. ಎರಡೂ ಸದಾ ಒಂದೇ ವೇಗದಲ್ಲಿ ತಿರುಗುತ್ತವೆ.

ಗಾಲಿಗಳ ಅಂತರ 90 ಸೆಂ.ಮೀ. ಇರುವ ಗಾಡಿಯು ಕಾಲು ವೃತ್ತದಷ್ಟು ತಿರುಗಿದರೆ, ತಿರುವು ಹಿರಿದಿರಲಿ ಕಿರಿದಿರಲಿ, ಹೊರಗಿನ ಗಾಲಿ ಒಳಗಿನದಕ್ಕಿಂತ ಸುಮಾರು 141 ಸೆಂ.ಮೀ. ಹೆಚ್ಚು ದೂರ ಹೋಗಬೇಕಾಗುತ್ತದೆ. ಅಚ್ಚು ಒಂದೇ ಆದಾಗ ಇದು ಸಾಧ್ಯವಾಗಬೇಕಾದರೆ ಯಾವುದಾದರೊಂದು ಗಾಲಿ ಜಾರಲೇಬೇಕು. ಮಣ್ಣಿನಲ್ಲಿ ಅದು ಸದ್ದಿಲ್ಲದೆ ಜಾರುತ್ತದೆ. ಡಾಮರಿನಲ್ಲಿ ಜಾರಲೊಲ್ಲದೆ ಗಾಡಿಯನ್ನು ನೇರವಾಗಿಯೇ ಮುಂದಕ್ಕೆ ನೂಕುತ್ತದೆ. ಸವಾರ ಹಿಡಿಯನ್ನು ಇನ್ನಷ್ಟು ತಿರುಗಿಸುತ್ತಾನೆ. ಕೊನೆಗೆ ಗಾಡಿ ಒಮ್ಮೆಲೇ ತಿರುಗಿದಾಗ ಮೃದುವಾದ ಟೈರುಗಳು ಪಕ್ಕಕ್ಕೆ ಬಾಗಿ ಮಗುಚುವಿಕೆಗೆ ಸಹಾಯ ಮಾಡುತ್ತವೆ. ಇಂತಹ ಗಾಡಿಗಳ ಮೇಲೆ ಸಾರ್ವಜನಿಕ ರಸ್ತೆಯಲ್ಲಿ ಓಡಿಸಬಾರದೆಂಬ ಎಚ್ಚರಿಕೆಯ ಚೀಟಿಯನ್ನು ತಯಾರಕರೇ ಅಂಟಿಸುವುದಕ್ಕೆ ಕಾರಣವಿದು.

ಕಾನೂನು ಕಲಿತ ಪಾಠ

ಈ ಪಾಠವನ್ನು ಅಮೆರಿಕವು ಬಹಳ ಬೆಲೆ ತೆತ್ತು ಕಲಿಯಿತು. ಮೂರು ಗಾಲಿಯ ಗಾಡಿಗಳಲ್ಲಿ ಮಡಿದವರಲ್ಲಿ ಮಕ್ಕಳು ಅನೇಕರು. ಮೂರು ಕಾಲಿನ ಮಣೆಯಂತೆ ಅವುಗಳ ಆಧಾರವು ತ್ರಿಕೋನ. ಗುರುತ್ವಕೇಂದ್ರವು ಮುಂದಿನ ಮತ್ತು ಹಿಂದಿನ ಗಾಲಿಗಳ ನಟ್ಟನಡುವೆ ಇದ್ದರೆ, ಅಲ್ಲಿ ಆಧಾರದ ಅಗಲ ಹಿಂದಿನ ಗಾಲಿಗಳ ಅಂತರದ ಅರ್ಧವಷ್ಟೆ. 1988ರಲ್ಲಿ ಅಲ್ಲಿನ ಸರಕಾರವು ನ್ಯಾಯಾಲಯದ ಮುಖಾಂತರ ತಯಾರಕರೊಡನೆ ಹತ್ತು ವರ್ಷಗಳ ಒಪ್ಪಂದವೊಂದನ್ನು ಮಾಡಿಕೊಂಡಿತು. ಮೂರು ಗಾಲಿಯ ಹೊಸ ಗಾಡಿಗಳ ಮಾರಾಟ ನಿಂತಿತು. ದೊಡ್ಡ ಗಾಡಿಗಳನ್ನು 16 ವರ್ಷಕ್ಕೆ ಕೆಳಗಿನವರ ಬಳಕೆಗಾಗಿ ಮಾರಬಾರದೆಂದಾಯಿತು. ಕೊಂಡವರಿಗೆ ತರಬೇತಿ ಕೊಡಬೇಕೆಂದಾಯಿತು. 2008ರ ಕಾಯಿದೆಯು ಸುರಕ್ಷತೆಯ ಅಳತೆಗಳನ್ನು ಕಡ್ಡಾಯ ಮಾಡಿತು.

ಆದರೆ ಗಾಡಿಯ ರಚನೆಯನ್ನು ಕೇಂದ್ರ ಸರಕಾರ ನೋಡಿಕೊಂಡರೆ, ರಸ್ತೆಯನ್ನು ಯಾರಿಗೆ ತೆರೆಯಬೇಕೆಂಬುದನ್ನು ಅಲ್ಲಿ ಆಯಾ ರಾಜ್ಯ, ಆಯಾ ಊರು ನಿರ್ಧರಿಸುತ್ತದೆ. ಹಲವು ರಾಜ್ಯಗಳಲ್ಲಿ ರಸ್ತೆಯನ್ನು ನೇರವಾಗಿ ಅಡ್ಡ ದಾಟಲು ಮಾತ್ರ ಅನುಮತಿಯುಂಟು. ದಾಟುವ ಮುನ್ನ ಪೂರ್ತಿ ನಿಲ್ಲಿಸಬೇಕು. ಕೆಲವು ಕಡೆ ಊರೊಳಗಿನ ರಸ್ತೆಗಳನ್ನೂ ತೆರೆದಿದ್ದಾರೆ. ಹೊಲವು ರಸ್ತೆಯ ಎರಡು ಪಕ್ಕಕ್ಕೂ ಹಂಚಿಹೋಗಿರುವ ರೈತನ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಆದರೂ ಈ ಗಾಡಿಗಳಿಂದ ಅಲ್ಲಿ ಸಂಭವಿಸುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ರಸ್ತೆಗಳ ಮೇಲೆಯೇ ಆಗಿವೆಯೆಂಬುದನ್ನು ಮರೆಯಬಾರದು. ಗಾಡಿಗಳನ್ನು ರಚಿಸಿದ್ದು ಬೇರೆಡೆಗಾಗಿ. ಪ್ರಾಣ ಹೋಗುತ್ತಿರುವುದು ಇಲ್ಲಿ.

ಗಾಲ್ಫ್ ಮೈದಾನದ ಪುಟ್ಟ ಗಾಡಿಗಳು ರಸ್ತೆಗೆ ಬಂದಾಗ ಅದೇ ದೇಶವು 1998ರಲ್ಲಿ ಒಂದು ಮಧ್ಯಮಾರ್ಗವನ್ನು ಹಿಡಿಯಿತು. ಗಂಟೆಗೆ 32ರಿಂದ 40 ಕಿ.ಮೀ. ಗರಿಷ್ಠ ವೇಗದ ಗಾಡಿಗಳಿಗೆ ಪ್ರತ್ಯೇಕ ವರ್ಗವನ್ನು ಕಲ್ಪಿಸಿ, ದೀಪ, ಕನ್ನಡಿ, ತಿರುವಿನ ಸೂಚಕ, ಸೀಟು ಬೆಲ್ಟುಗಳನ್ನು ಕಡ್ಡಾಯ ಮಾಡಿತು. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ವೇಗವನ್ನು ಅರ್ಧಕ್ಕಿಳಿಸಿದರೆ ಪೆಟ್ಟಿನ ಶಕ್ತಿ ಕಾಲು ಭಾಗಕ್ಕಿಳಿಯುತ್ತದೆಂಬುದನ್ನು ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ.

ಆಸ್ಟ್ರೇಲಿಯಾ ಇನ್ನೂ ಮುಂದೆ ಹೋಯಿತು. 2019ರಲ್ಲಿ ಅದು ಹೊರಡಿಸಿದ ನಿಯಮದ ಪ್ರಕಾರ, ಹೊಸ ನಾಲ್ಕು ಗಾಲಿಯ ಬೈಕನ್ನು ವಾಲಿಸುವ ಮೇಜಿನ ಮೇಲಿಟ್ಟು ಪಕ್ಕಕ್ಕೆ ಓರೆ ಮಾಡಿದಾಗ 28.81 ಅಂಶಗಳ ಮುನ್ನ ಅದು ಮೇಲೇಳಬಾರದು. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಆ ಕೋನದ ಟ್ಯಾಂಜೆಂಟನ್ನು ಕೋಷ್ಟಕದಲ್ಲಿ ನೋಡಿದರೆ 0.55 ಎಂದು ದೊರೆಯುತ್ತದೆ. ನಾವು ಮೇಲೆ ವಿವರಿಸಿದ ಸ್ಥಿರತೆಯ ಅಂಕದಂತಹ ಒಂದು ಅಳತೆಯೇ ಅಲ್ಲಿ ಕಾನೂನಿನ ಕಲಮಾಗಿ ನಿಂತಿದೆ. ನಮ್ಮ ಬೆಂಕಿಪೆಟ್ಟಿಗೆಯ ಪ್ರಯೋಗವನ್ನೇ ಆ ದೇಶವು ದೊಡ್ಡದಾಗಿ ಮಾಡಿತೆನ್ನಬಹುದು. 2021ರಿಂದ ಅಲ್ಲಿ ಮಾರಾಟವಾಗುವ ಸಾಮಾನ್ಯ ಬಳಕೆಯ ಬೈಕುಗಳಿಗೆ, ಮಗುಚಿದಾಗ ಸವಾರನನ್ನು ಕಾಯುವ ಕಮಾನೂ ಕಡ್ಡಾಯವಾಗಿದೆ.

ನಮ್ಮ ನಾಡಿನಲ್ಲಿ

ಭಾರತದಲ್ಲಿ 1988ರ ಮೋಟಾರು ವಾಹನಗಳ ಕಾಯಿದೆಯು ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಲು ಬಿಡುವುದಿಲ್ಲ. ಕಾರ್ಖಾನೆ ಅಥವಾ ಆವರಣದೊಳಗಿನ ಬಳಕೆಗಾಗಿಯೇ ರಚಿಸಿದ ವಿಶೇಷ ಗಾಡಿಗಳನ್ನು ಅದು ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ಒರಿಸ್ಸಾದ ಬೋಲಾನಿ ಗಣಿಯ ಡಂಪರುಗಳ ಮೊಕದ್ದಮೆಯಲ್ಲಿ, ರಸ್ತೆಯ ಬಳಕೆಗೆ ಹೊಂದಿಸಿದ ವಾಹನವೆಂದರೆ ಯಾವುದೆಂಬ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯವೇ 1974ರಲ್ಲಿ ವಿಚಾರಿಸಬೇಕಾಯಿತು. ಪ್ರವಾಸಿಗರ ತಂಗುದಾಣಗಳಲ್ಲಿ ಬಾಡಿಗೆಗೆ ದೊರೆಯುವ ನಾಲ್ಕು ಗಾಲಿಯ ಬೈಕುಗಳು ಆವರಣದೊಳಗೇ ಇರಬೇಕಾದುದು ಈ ಕಾರಣದಿಂದ. ಗೇಟಿನ ಹೊರಗಿನ ಒಂದು ಫರ್ಲಾಂಗಿನ ಸವಾರಿಯೂ ಬೇರೆ ನೆಲದ ಸವಾರಿ.

ಆದರೆ ನಮ್ಮ ನಿಜವಾದ ಸಮಸ್ಯೆ ಈ ವಿಲಾಸದ ಗಾಡಿಯದಲ್ಲ, ಟ್ರ್ಯಾಕ್ಟರಿನದು. ಅದನ್ನು ಕಾನೂನು ರಸ್ತೆಗೆ ಬಿಟ್ಟಿದೆ. ಬಿಡದೆ ಗತ್ಯಂತರವೂ ಇಲ್ಲ. ಮಂಡ್ಯದಲ್ಲಿ, ಬೆಳಗಾವಿಯಲ್ಲಿ ಕಬ್ಬು ಸಕ್ಕರೆ ಕಾರ್ಖಾನೆಯನ್ನು ಮುಟ್ಟಬೇಕಾದರೆ ಟ್ರ್ಯಾಕ್ಟರು ರಸ್ತೆಗಿಳಿಯಲೇಬೇಕು. ಅದೂ ಎತ್ತರದ ಮೈಯ, ಹೊಲಕ್ಕಾಗಿ ಹುಟ್ಟಿದ ಯಂತ್ರ. ಅದರ ಬ್ರೇಕುಗಳನ್ನು ನೋಡಿರಿ. ಎಡಗಾಲಿಗೊಂದು, ಬಲಗಾಲಿಗೊಂದು ಹೀಗೆ ಎರಡು ಪೆಡಲುಗಳು. ಸಾಲಿನ ಕೊನೆಯಲ್ಲಿ ಒಂದನ್ನು ಮಾತ್ರ ಒತ್ತಿ, ನಿಂತಲ್ಲಿಯೇ ಎಂಬಂತೆ ತಿರುಗಿಸುವುದು ಉಳುವವನ ಚಾತುರ್ಯ. ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಅದೇ ರೀತಿ ಒಂದನ್ನೇ ಒತ್ತಿದರೆ ಟ್ರ್ಯಾಕ್ಟರು ಆ ಕಡೆಗೆ ಥಟ್ಟನೆ ತಿರುಗಿ ಮಗುಚುತ್ತದೆ. ಆದುದರಿಂದ ರಸ್ತೆಗೆ ಬರುವ ಮುನ್ನ ಎರಡು ಪೆಡಲುಗಳನ್ನೂ ಕೂಡಿಸುವ ಸಣ್ಣ ಕೊಂಡಿಯನ್ನು ಹಾಕಬೇಕು. ಕೆಸರಿನಲ್ಲಿ ಹಾಕಿದ್ದ ಡಿಫರೆನ್ಷಿಯಲ್ ಬೀಗವನ್ನು ತೆಗೆಯಬೇಕು. ಹೊಲಕ್ಕೂ ರಸ್ತೆಗೂ ಇರುವ ವ್ಯತ್ಯಾಸವೆಲ್ಲ ಬೆರಳುದ್ದದ ಆ ಕೊಂಡಿಯಲ್ಲಿ ಅಡಗಿದೆಯೆಂದರೆ ತಪ್ಪಾಗದು.

ರಾತ್ರಿಯ ಅಪಾಯ ಬೇರೆಯದು. ಕಬ್ಬು ಹೇರಿದ ಟ್ರೇಲರು ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುತ್ತಿದೆ, ಹಿಂದಿನಿಂದ ಕಾರು 80 ಕಿ.ಮೀ. ವೇಗದಲ್ಲಿ ಬರುತ್ತಿದೆ. ಸಾಪೇಕ್ಷ ವೇಗ ಗಂಟೆಗೆ 60 ಕಿ.ಮೀ., ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರು. ಹಿಂದೆ ದೀಪವಿಲ್ಲದ ಆ ಟ್ರೇಲರು 40 ಮೀಟರು ದೂರದಲ್ಲಿ ಕಣ್ಣಿಗೆ ಬಿತ್ತೆನ್ನೋಣ. ಕಣ್ಣು ಕಂಡು, ಬುದ್ಧಿ ಗ್ರಹಿಸಿ, ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದರೆ 25 ಮೀಟರು ಮುಗಿಯಿತು. ಉಳಿದುದು 15 ಮೀಟರು. ಗುರುತ್ವದ ವೇಗೋತ್ಕರ್ಷದ 0.6 ಪಾಲಿನಷ್ಟು ಬಲವಾಗಿ ಬ್ರೇಕು ಹಿಡಿದರೂ ಈ ವೇಗವನ್ನು ಕಳೆಯಲು ಸುಮಾರು 24 ಮೀಟರು ಬೇಕು. ಡಿಕ್ಕಿ ತಪ್ಪದು. ಅದೇ ಟ್ರೇಲರಿನ ಹಿಂಬದಿಗೆ ಬೆಳಕನ್ನು ಹಿಂದಿರುಗಿಸುವ ಕೆಂಪು ಪಟ್ಟಿ ಅಂಟಿಸಿ, ಅದು 150 ಮೀಟರಿನಿಂದ ಕಾಣುವಂತಾದರೆ ಚಾಲಕನಿಗೆ ನಿಧಾನವಾಗಿ ಯೋಚಿಸುವಷ್ಟು ಅವಕಾಶವಿರುತ್ತದೆ. ಪ್ರತಿಫಲಕಗಳ ನಿಯಮವನ್ನು ದಂಡ ವಸೂಲಿಯ ನೆಪವೆಂದು ಹಳಿಯುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಮಗುಚಿದ ಮೇಲೆಯೂ ಪ್ರಾಣ ಉಳಿಸುವ ಉಪಾಯವುಂಟು. ಚಾಲಕನ ಸುತ್ತ ಗಟ್ಟಿಯಾದ ಉಕ್ಕಿನ ಚೌಕಟ್ಟನ್ನು ಕಟ್ಟುವುದನ್ನು ಸ್ವೀಡನ್ ದೇಶವು ಹೊಸ ಟ್ರ್ಯಾಕ್ಟರುಗಳಿಗೆ 1959ರಲ್ಲಿಯೇ ಕಡ್ಡಾಯ ಮಾಡಿತು. ಅನಂತರದ ದಶಕಗಳಲ್ಲಿ ಅಲ್ಲಿ ಟ್ರ್ಯಾಕ್ಟರು ಮಗುಚಿ ಸಾಯುವುದು ಅಪರೂಪವಾಯಿತು. ನಮ್ಮ ರಸ್ತೆಗಳಲ್ಲಿ ಓಡಾಡುವ ಎಷ್ಟೋ ಟ್ರ್ಯಾಕ್ಟರುಗಳಿಗೆ ಈ ಚೌಕಟ್ಟಿಲ್ಲ. ಚೌಕಟ್ಟು ಇದ್ದರೂ ಅದು ಕಾಯುವುದು ಸೀಟಿನಲ್ಲಿ ಬೆಲ್ಟು ಕಟ್ಟಿ ಕುಳಿತವನನ್ನು ಮಾತ್ರ. ಮಡ್‌ಗಾರ್ಡಿನ ಮೇಲೆ ಕುಳಿತವನನ್ನು ಅಲ್ಲ.

ಹೀಗೆ ವಿಚಾರ ಮಾಡಿದಾಗ, ಒಳ್ಳೆಯ ನಿಯಮವನ್ನು ಗುರುತಿಸುವ ಬಗೆ ನಮಗೆ ತಿಳಿಯುತ್ತದೆ. ಗಾಡಿ ಎಷ್ಟು ಓರೆಯಾದರೆ ಮಗುಚುತ್ತದೆ, ಎಷ್ಟು ದೂರದಿಂದ ಕಾಣುತ್ತದೆ, ಸುತ್ತಲ ವಾಹನಗಳಿಗೂ ಅದಕ್ಕೂ ವೇಗದ ಅಂತರವೆಷ್ಟು, ಬಿದ್ದರೆ ಒಳಗಿದ್ದವನನ್ನು ಕಾಯುವುದು ಯಾವುದು: ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡುವ ನಿಯಮ ಒಳ್ಳೆಯದು. ಗಾಡಿಯ ಹೆಸರನ್ನೋ ಬೆಲೆಯನ್ನೋ ನೋಡಿ ಬಿಡುವ ಅಥವಾ ತಡೆಯುವ ನಿಯಮವು ರೈತನಿಗೂ ಅನ್ಯಾಯ ಮಾಡುತ್ತದೆ, ದಾರಿಹೋಕನಿಗೂ ಅನ್ಯಾಯ ಮಾಡುತ್ತದೆ.

ಈ ಪತ್ರಿಕೆಯನ್ನು ಓದುವ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಯಲ್ಲಿ ಟ್ರ್ಯಾಕ್ಟರು ಇರಬಹುದು. ಶಾಲೆಗೆ ಹೋಗುವಾಗ ಅದರ ಮಡ್‌ಗಾರ್ಡಿನ ಮೇಲೆ ಕುಳಿತು ಹೋಗುವವರೂ ಇರಬಹುದು. ಅಂಥವರು ಈ ಸಂಜೆ ಮನೆಗೆ ಹೋದ ಮೇಲೆ ಎರಡು ಸಂಗತಿಗಳನ್ನು ನೋಡಬೇಕೆಂದು ನಮ್ಮ ಸೂಚನೆ. ಬ್ರೇಕಿನ ಪೆಡಲುಗಳನ್ನು ಕೂಡಿಸುವ ಕೊಂಡಿ ಸರಿಯಾಗಿ ಬೀಳುತ್ತದೆಯೆ? ಟ್ರೇಲರಿನ ಹಿಂಬದಿಯ ಪ್ರತಿಫಲಕ ಪಟ್ಟಿ ಮಣ್ಣಿನಲ್ಲಿ ಮುಚ್ಚಿಹೋಗದೆ ಉಳಿದಿದೆಯೆ? ಮೊದಲನೆಯದಕ್ಕೆ ತುಸು ಎಣ್ಣೆ, ಎರಡನೆಯದಕ್ಕೆ ಒದ್ದೆ ಬಟ್ಟೆ ಸಾಕು. ಇನ್ನು ಮಡ್‌ಗಾರ್ಡಿನ ಸವಾರಿಯನ್ನು ನಾಳೆಯಿಂದ ಬಿಟ್ಟುಬಿಡುವುದಕ್ಕೆ ಯಾವ ಖರ್ಚೂ ಇಲ್ಲ.